ಬಂಗಡೆಯನ್ನೇ ಕೆತ್ತಿ ನೋಡಿ: ಮರದ ಮೀನಿನ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಈ ಅಂಕಣದ ಜೊತೆ ಒಂದು ಮರದ ಮೀನಿನ ಫೋಟೊ ಹಾಕಿದ್ವಿ. ತಗಡಿನ ರೆಕ್ಕೆ, ಹಸಿರು ಬೆನ್ನು, ಬಿಳಿ ಹೊಟ್ಟೆ, ಕೆಳಗೆ ‘ಫಿಶ್ ಡಿಕಾಯ್’ ಅಂತ ಎರಡೇ ಪದ. ಅಷ್ಟಕ್ಕೇ ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲಿಂದ್ಲೂ ಪತ್ರ, ವಾಟ್ಸಾಪ್ ಮೆಸೇಜು ಬಂದಿವೆ. ಹಾಗಾಗಿ ಈ ಸಲ ಬೇರೆ ಯಾವ ಪ್ರಶ್ನೆನೂ ತಗೊಂಡಿಲ್ಲ, ಪೂರ್ತಿ ಮರದ ಮೀನೇ.

ಪ್ರಶ್ನೆ: ಮಾಸ್ತರ್ರೇ, ಇದು ಆಟಿಕೆ ಸಾಮಾನಾ, ಗಾಳಕ್ಕೆ ಕಟ್ಟೋದಾ, ಶೋಕೇಸಿಗೆ ಇಡೋದಾ? ನಮ್ಮ ಮನೆಯವ್ರು ಬೋಟಿಗೆ ಹೋಗ್ತಾರೆ, ಅವ್ರಿಗೆ ಫೋಟೊ ತೋರ್ಸಿದ್ರೆ ಇದಕ್ಕೆ ಕೊಕ್ಕೆನೇ ಇಲ್ಲ, ಇದ್ರಲ್ಲಿ ಮೀನು ಹೆಂಗೆ ಸಿಗ್ತದೆ ಅಂದ್ರು.
– ಒಬ್ಬ ಗೃಹಿಣಿ, ತದಡಿ

ಉತ್ತರ: ನಿಮ್ಮ ಮನೆಯವ್ರು ಸರಿಯಾದ ಜಾಗನೇ ನೋಡಿದ್ದಾರೆ ಅಕ್ಕಾ. ಡಿಕಾಯ್‌ಗೆ ಕೊಕ್ಕೆ ಇರೋದಿಲ್ಲ, ಅದು ಮೀನು ಹಿಡಿಯೋದಿಲ್ಲ, ಮೀನನ್ನ ಹತ್ರ ಕರೀತದೆ ಅಷ್ಟೇ. ಅಮೆರಿಕದ ಮಿನ್ನೆಸೋಟ, ಮಿಷಿಗನ್, ವಿಸ್ಕಾನ್ಸಿನ್ ಕಡೆ ಚಳಿಗಾಲದಲ್ಲಿ ಸರೋವರದ ಮೇಲೆ ಮನುಷ್ಯರು ನಡೆದಾಡೋ ಅಷ್ಟು ಗಟ್ಟಿ ಮಂಜುಗಡ್ಡೆ ಕಟ್ತದೆ. ಅಲ್ಲಿನವರು ಅದನ್ನ ಗರಗಸದಲ್ಲಿ ಕೊಯ್ದು ಚೌಕ ಬಾಯಿ ಮಾಡಿ, ಅದರ ಮೇಲೆ ಒಬ್ಬಿಬ್ಬರು ಕೂರೋ ಅಷ್ಟು ಚಿಕ್ಕ ಗುಡಿಸಲು ಇಡ್ತಾರೆ, ಒಳಗೆ ಸಣ್ಣ ಬೆಳಕೂ ಬರದ ಹಾಗೆ ಮುಚ್ತಾರೆ. ಒಳಗೆ ಕತ್ತಲೆ ಇರೋದ್ರಿಂದ, ಹೊರಗಿನ ಬೆಳಕು ಮಂಜಿನಿಂದ ಇಳಿದು ನೀರು ತಳದ ತನಕ ನಿಚ್ಚಳ ಕಾಣ್ತದೆ. ಆ ಬಾಯಿಯಿಂದ ದಾರ ಕಟ್ಟಿದ ಮರದ ಮೀನನ್ನ ಕೆಳಗೆ ಬಿಟ್ಟು ಮೆಲ್ಲಗೆ ಎತ್ತಿ ಇಳಿಸಿ ಮಾಡ್ತಾರೆ, ಹೊಟ್ಟೆಯಲ್ಲಿ ಸೀಸದ ಭಾರ, ಬಾಲ ಒಂದ್ಕಡೆ ಸ್ವಲ್ಪ ಬಾಗಿರ್ತದೆ, ಹಾಗಾಗಿ ಅದು ಸುತ್ತು ಹಾಕ್ತಾ ಈಜ್ತದೆ, ಅದನ್ನ ತಿನ್ನಲಿಕ್ಕೋ ಓಡಿಸಲಿಕ್ಕೋ ಪೈಕ್ ಅನ್ನೋ ದೊಡ್ಡ ಮೀನು ಬಂತು ಅಂದ್ರೆ ಮೇಲಿಂದ ಈಟಿಯಲ್ಲಿ ಹೊಡೀತಾರೆ. ವಿಸ್ಕಾನ್ಸಿನ್‌ನ ವಿನ್ನೆಬಾಗೋ ಸರೋವರದಲ್ಲಿ ಫೆಬ್ರವರಿ ತಿಂಗಳು ಇದೇ ಥರ ಸ್ಟರ್ಜನ್ ಅನ್ನೋ ದೊಡ್ಡ ಮೀನು ಹೊಡಿಯೋದು ಈಗ್ಲೂ ಇದೆ.

ಇದು ಬಿಳಿಯರು ಕಂಡುಹಿಡಿದದ್ದೂ ಅಲ್ಲ, ಅವರು ಬರೋಕಿಂತ ಮುಂಚೆನೇ ಅಲ್ಲಿನ ಮೂಲನಿವಾಸಿಗಳು ಎಲುಬು, ದಂತ, ಚಿಪ್ಪಿನಲ್ಲಿ ಇಂಥ ಮೀನು ಮಾಡ್ತಿದ್ರು, ಒಜಿಬ್ವೆ ಜನ ಮರದಲ್ಲಿ ಕೆತ್ತಿದ ಮೀನಿಗೆ ಇವತ್ತಿಗೂ ಬಹಳ ಮರ್ಯಾದೆ ಇದೆ. ಆಮೇಲೆ ಮಿಷಿಗನ್‌ನ ಕ್ಯಾಡಿಲಾಕ್ ಊರಿನ ಆಸ್ಕರ್ ಪೀಟರ್‌ಸನ್ ಅಂತ ಒಬ್ಬರು (1887-1951) ಸಾವಿರಾರು ಮೀನು ಕೆತ್ತಿದ್ರು, ಗೋಡೆಗೆ ಹಾಕೋ ಫಲಕನೂ ಮಾಡಿದ್ರು, ಅವರಿದ್ದಾಗ ಚಿಲ್ಲರೆ ಕಾಸಿಗೆ ಹೋಗ್ತಿದ್ದ ಮೀನು ಈಗ ಸಂಗ್ರಹ ಮಾಡೋರ ಕೈಯಲ್ಲಿ ಸಾವಿರಾರು ಡಾಲರ್ ಬಾಳ್ತದೆ. ಹೀಗೆ ಉಪಯೋಗದ ಸಾಮಾನು ನಿಧಾನಕ್ಕೆ ಮನೆಯೊಳಗೆ ಬಂತು. ಇವತ್ತು ಇದನ್ನ ಕೆತ್ತೋರಲ್ಲಿ ಬಹಳ ಜನ ನೀರಿಗೆ ಬಿಡೋದೇ ಇಲ್ಲ.

ಗಾಳಕ್ಕೆ ಕಟ್ಟೋ ಕೃತಕ ಮೀನು ಬೇರೆ ಜಾತಿ. ಫಿನ್‌ಲ್ಯಾಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ, ಅದಕ್ಕೆ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೊ ಫಿಲ್ಮ್ ಕರಗಿಸಿ ಮೇಲೆ ಬಳಿದು ಮಾಡಿದ್ದು ಆ ಜಾತಿ, ಅದಕ್ಕೆ ಕೊಕ್ಕೆ ಬೇಕೇ ಬೇಕು. ನಾವಿಲ್ಲಿ ಮಾತಾಡ್ತಿರೋದು ಕೊಕ್ಕೆ ಇಲ್ಲದ್ದು. ನಮ್ಮ ಕಡೆ ಮಂಜೂ ಕಟ್ಟಲ್ಲ, ಈಟಿನೂ ಬೇಡ, ಮನೆಯಲ್ಲಿ ಇಡಲಿಕ್ಕೆ, ಮಾರಲಿಕ್ಕೆ, ಮುಖ್ಯವಾಗಿ ಕೈಗೆ ಒಂದು ಒಳ್ಳೆ ಕೆಲಸ ಆಗ್ಲಿಕ್ಕೆ.

ಪ್ರಶ್ನೆ: ಸರ್, ಯಾವ ಮರ ತಗೊಳ್ಳೋದು? ನೆಟ್‌ನಲ್ಲಿ ಬಾಸ್‌ವುಡ್, ಸೀಡರ್ ಅಂತ ಇದೆ, ಶಿರಸಿಯಲ್ಲಿ ಯಾರಿಗೆ ಕೇಳಿದ್ರೂ ಗೊತ್ತಿಲ್ಲ ಅಂತಾರೆ. ಮನೆ ಹಿಂದೆ ಹಲಸಿನ ತುಂಡು ಬಿದ್ದಿದೆ.
– ಕಾಲೇಜು ವಿದ್ಯಾರ್ಥಿ, ಶಿರಸಿ

ಉತ್ತರ: ಬಾಸ್‌ವುಡ್ ಹುಡುಕ್ಬೇಡಿ ತಮ್ಮಾ, ಆನ್‌ಲೈನಲ್ಲಿ ಸಿಗೋ ರೇಟಿಗೆ ಇಲ್ಲಿ ಅರ್ಧ ಬಾಗಿಲು ಮಾಡಿಸಬಹುದು. ಅಲ್ಲಿನವರು ಅದನ್ನ ತಗೊಳ್ಳೋದು ಯಾಕಂದ್ರೆ ಅದು ಅವರ ಊರಲ್ಲಿ ಬೆಳಿಯೋ ಮೆತ್ತನೆ ಮರ, ಎಳೆ ಸಣ್ಣ, ಚಾಕುಗೆ ಬಗ್ತದೆ. ಆ ಗುಣ ಇರೋದು ನಮ್ಮಲ್ಲೂ ಇದೆ. ನನ್ನ ಮೊದಲ ಆಯ್ಕೆ ಶಿವನಿ. ಹಗುರ, ಬಣ್ಣ ತಿಳಿ, ಒಣಗಿದ ಮೇಲೆ ಜಾಸ್ತಿ ಸೊಟ್ಟ ಆಗಲ್ಲ, ಉಳಿ ಚೆನ್ನಾಗಿ ಓಡ್ತದೆ. ಹಾಲೆ ಮರನೂ ಆಗ್ತದೆ. ಹಾಲವಾಣ ಇನ್ನೂ ಹಗುರ, ಆದ್ರೆ ತುಂಬಾ ಮೆದು, ಉಗುರು ಒತ್ತಿದ್ರೆ ಗುರುತು ಬೀಳ್ತದೆ, ಹುಳನೂ ಬೇಗ ಹತ್ತುತ್ತದೆ. ಹಲಸು ಒಳ್ಳೆ ಮರ, ಬಣ್ಣ ಹಚ್ಚದೆ ಬರೀ ಪಾಲಿಶ್ ಮಾಡಿದ್ರೆ ಆ ಹಳದಿನೇ ಚೆಂದ, ಆದ್ರೆ ಮೊದಲನೇ ಮೀನಿಗೆ ಗಟ್ಟಿ ಆಗ್ತದೆ, ಕೈ ಸೋತು ಬಿಟ್ಟುಬಿಡ್ತೀರಿ. ಆ ತುಂಡನ್ನ ನೆರಳಲ್ಲಿ ಇಟ್ಟಿರಿ, ಆಮೇಲೆ ಬೇಕಾಗ್ತದೆ. ಸಾಗವಾನಿ ನಮ್ಮ ಜಿಲ್ಲೆಯ ಹೆಮ್ಮೆ ಹೌದು, ಮೀನಿಗೆ ಮಾತ್ರ ನಾನು ಹೇಳಲ್ಲ, ಅದರೊಳಗಿನ ಎಣ್ಣೆ ಅಂಶಕ್ಕೆ ಬಣ್ಣ ಸರಿ ಹಿಡಿಯಲ್ಲ, ಉಳಿ ಬಾಯಿನೂ ಬೇಗ ಸವೀತದೆ.

ಖರ್ಚೇ ಬೇಡ ಅಂದ್ರೆ ಮಷೀನು, ಟೈಲ್ಸ್ ಬರೋ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಕೇಳಿ, ಗುಜರಿಯಲ್ಲಿ ಸಿಗ್ತದೆ. ಹಳೆ ಡಿಕಾಯ್‌ಗಳಲ್ಲೂ ಪೈನ್ ಬಹಳ ಇದೆ. ಆದ್ರೆ ಹಲಗೆ ಮೇಲಿನ ಮುದ್ರೆ ನೋಡ್ಬೇಕು, ಇಂಗ್ಲಿಷಲ್ಲಿ ‘ಎಚ್‌ಟಿ’ ಅಂತಿದ್ರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ತೊಂದ್ರೆ ಇಲ್ಲ. ‘ಎಂಬಿ’ ಅಂತಿದ್ರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಹಾಕಿದ್ದು, ಅದನ್ನ ಕೆತ್ತೋದೂ ಬೇಡ, ಒಲೆಗೆ ಹಾಕೋದೂ ಬೇಡ. ಗಂಧ, ಬೀಟೆ ಯಾರಾದ್ರೂ ಸುಮ್ನೆ ಕೊಡ್ತೀನಿ ಅಂದ್ರೂ ಮುಟ್ಬೇಡಿ. ಸಾಮಿಲ್‌ನಿಂದ ತಂದ್ರೆ ಬಿಲ್ ಇಟ್ಕೊಳ್ಳಿ.

ಮರ ಒಣಗಿದ್ಯಾ ಅಂತ ನೋಡೋದು ಸುಲಭ. ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಿ ಅದರ ಮೇಲೇ ಪೆನ್ಸಿಲಲ್ಲಿ ಬರೀರಿ, ವಾರ ಬಿಟ್ಟು ಮತ್ತೆ ತೂಗಿ. ಇಳೀತಾ ಇದೆ ಅಂದ್ರೆ ಒಳಗೆ ಇನ್ನೂ ನೀರಿದೆ. ತೂಕ ನಿಂತ ಮೇಲೆ ಕೆತ್ತಿ.

ಪ್ರಶ್ನೆ: ನಾನು ಪೈಕ್ ಮೀನಿನ ಡಿಸೈನ್ ಪ್ರಿಂಟ್ ತೆಗೆದು ಇಟ್ಕೊಂಡಿದ್ದೇನೆ, ಹೇಗೆ ಶುರು ಮಾಡೋದು ಅಂತ ಹಂತ ಹಂತವಾಗಿ ಹೇಳಿ.
– ಬ್ಯಾಂಕ್ ಉದ್ಯೋಗಿ, ಅಂಕೋಲಾ

ಉತ್ತರ: ಹೇಳ್ತೀನಿ, ಆದ್ರೆ ಮೊದಲು ಆ ಪ್ರಿಂಟ್ ಪಕ್ಕಕ್ಕಿಡಿ ಸರ್. ಪೈಕ್ ಮೀನನ್ನ ನೀವು ಕೈಯಲ್ಲಿ ಹಿಡಿದಿಲ್ಲ, ಅದು ತಿರುಗಿದ್ರೆ ಹೊಟ್ಟೆ ಹೇಗೆ ಕಾಣ್ತದೆ, ತಲೆ ಮೇಲಿಂದ ಎಷ್ಟು ಅಗಲ, ಯಾವ್ದೂ ಗೊತ್ತಿಲ್ಲ, ಫೋಟೊದಲ್ಲಿ ಒಂದೇ ಮಗ್ಗುಲು ಕಾಣೋದು. ಬಂಗಡೆ ಹಾಗಲ್ಲ. ಚಿಕ್ಕಂದಿನಿಂದ ನೋಡಿದ್ದೀರಿ, ತೊಳ್ದಿದ್ದೀರಿ, ತಿಂದಿದ್ದೀರಿ, ಬೆರಳಿಗೆ ಅದರ ಆಕಾರ ಗೊತ್ತು. ಈ ಅಂಕಣದಲ್ಲಿ ನಾನು ಒತ್ತಿ ಹೇಳೋದು ಇದೊಂದನ್ನೇ, ವಿದ್ಯೆ ಎಲ್ಲಿಂದ ಬೇಕಾದ್ರೂ ತಗೊಳ್ಳಿ, ಮೀನು ಮಾತ್ರ ನಿಮ್ಮ ಮಾರ್ಕೆಟಿನದ್ದೇ ಇರಲಿ.

ಬೆಳಿಗ್ಗೆ ಹೋಗಿ ಎರಡು ಹೊಸಾ ಬಂಗಡೆ ತನ್ನಿ. ಒಂದನ್ನ ಬಿಳಿ ಕಾಗದದ ಮೇಲೆ ಮಲಗಿಸಿ ಸುತ್ತ ಪೆನ್ಸಿಲ್ ಎಳೀರಿ, ಆಮೇಲೆ ಮೇಲಿಂದ ನೋಡಿ ಬೆನ್ನಿನ ಅಗಲದ ಗೆರೆನೂ ಬೇರೆ ಕಾಗದಕ್ಕೆ ತಗೊಳ್ಳಿ. ಬಂಗಡೆಯಲ್ಲಿ ತಲೆಯ ಉದ್ದ ಮೈಯ ಎತ್ತರಕ್ಕಿಂತ ಜಾಸ್ತಿ, ಮೈ ಎತ್ತರ ಒಟ್ಟು ಉದ್ದದ ಕಾಲು ಭಾಗಕ್ಕಿಂತ ಕಮ್ಮಿ. ಇದು ತಪ್ಪಿದ್ರೆ ಎಷ್ಟು ಚೆಂದ ಬಣ್ಣ ಹಚ್ಚಿದ್ರೂ ಅದು ಬಂಗಡೆ ಆಗಲ್ಲ. ಸುಮಾರು 25 ಸೆಂಟಿಮೀಟರ್ ಉದ್ದ, 6 ಎತ್ತರ, 4 ದಪ್ಪದ ತುಂಡು ಸಾಕು. ಮರದ ಎಳೆ ಮೂತಿಯಿಂದ ಬಾಲದ ಕಡೆ ಉದ್ದಕ್ಕೆ ಓಡ್ಬೇಕು, ಅಡ್ಡ ಇದ್ರೆ ಬಾಲದ ಬುಡದಲ್ಲಿ ಮುರೀತದೆ.

ಮಗ್ಗುಲಿನ ಚಿತ್ರ ಅಂಟಿಸಿ ಅದರಂತೆ ಗರಗಸದಲ್ಲಿ ಕೊಯ್ಯಿರಿ, ಆಮೇಲೆ ಮೇಲಿನ ಚಿತ್ರದಂತೆ. ಈಗ ಅದು ಮೂಲೆ ಮೂಲೆಯಾಗಿರೋ ಚೌಕ ಮೀನು. ಬೆನ್ನಿನ ಮೇಲೆ, ಹೊಟ್ಟೆ ಕೆಳಗೆ, ಮೂತಿಯಿಂದ ಬಾಲಕ್ಕೆ ಒಂದು ನಡು ಗೆರೆ ಎಳೀರಿ, ಆ ಗೆರೆ ಕೊನೇವರೆಗೂ ಅಳಿಸ್ಬಾರ್ದು. ಅಳಿಸಿಹೋದ್ರೆ ಮತ್ತೆ ಎಳ್ಕೊಳ್ಳಿ, ಎಡ ಬಲ ಸಮ ಇದೆಯಾ ಅಂತ ಹೇಳೋದು ಅದೊಂದೇ. ಮೂಲೆಗಳನ್ನ ತೆಗಿತಾ ಹೋಗಿ, ಮೊದಲು ನಾಲ್ಕು ಮೂಲೆ ಎಂಟು ಮಾಡಿ, ಎಂಟನ್ನ ದುಂಡು ಮಾಡಿ. ಮೈ ದಪ್ಪ ಇರೋ ನಡುವಿನಿಂದ ಶುರು ಮಾಡಿ ಮೂತಿ ಕಡೆಗೊಮ್ಮೆ, ಬಾಲದ ಕಡೆಗೊಮ್ಮೆ ಉಳಿ ಓಡಿಸಿ. ತಿರುಗಾ ಬಾಲದಿಂದ ನಡುವಿಗೆ ಬಂದ್ರೆ ಬೆಕ್ಕಿನ ಮೈ ತಿರುಗಾ ಸವರಿದ ಹಾಗೆ, ಎಳೆ ಎದ್ದು ಚೂರು ಚೂರಾಗಿ ಹರೀತದೆ. ಹಿಡಿದ ಕೈ ಯಾವಾಗ್ಲೂ ಉಳಿ ಬಾಯಿಯ ಹಿಂದೆ ಇರಲಿ, ಉಳಿ ಮೊಂಡ ಇದ್ರೆ ಮಸೆದುಕೊಂಡೇ ಕೂರಿ, ಗಾಯ ಆಗೋದು ಮೊಂಡ ಉಳಿಯಲ್ಲೇ, ಯಾಕಂದ್ರೆ ಅದಕ್ಕೆ ಜೋರು ಹಾಕ್ತೀವಿ, ಜಾರ್ತದೆ. ಕಿವಿರಿನ ಗೆರೆ, ಬಾಯಿ, ಕಣ್ಣಿನ ಗುಳಿ ಎಲ್ಲ ಕೊನೆಗೆ. ಅರ ಹಾಕಿ, ಆಮೇಲೆ ಸ್ಯಾಂಡ್ ಪೇಪರ್ 80, 120, 220 ಹೀಗೆ. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ್ರೆ ಮಲಗಿದ್ದ ಎಳೆ ಎದ್ದು ನಿಲ್ತದೆ, ಆಗ ಕೊನೆ ಕೈ ಉಜ್ಜಿ, ಬಣ್ಣ ಹಚ್ಚಿದ ಮೇಲೆ ಒರಟಾಗಲ್ಲ.

ಎರಡನೇ ಬಂಗಡೆ ಯಾಕೆ ಅಂದ್ರೆ ಅದು ಬಣ್ಣಕ್ಕೆ, ಮುಂದೆ ಹೇಳಿದ್ದೇನೆ. ದುಂಡು ಮಾಡೋದು ಕಷ್ಟ ಅನಿಸಿದ್ರೆ ಪಾಪ್ಲೆಟ್ ಹಿಡೀರಿ, ಚಪ್ಪಟೆ ಹಲಗೆ ಸಾಕು, ಅಂಚು ಮಾತ್ರ ತೆಳು ಮಾಡಿದ್ರೆ ಆಯ್ತು, ಹೊಟ್ಟೆ ಕೆಳಗಿನ ಜೋಡಿ ರೆಕ್ಕೆ ಅದಕ್ಕೆ ಇಲ್ಲವೇ ಇಲ್ಲ, ಕೆಲಸ ಕಮ್ಮಿ. ಕಾಣೆನೂ ಸಲೀಸು.

ಪ್ರಶ್ನೆ: ಮಾಸ್ತರ್ರೇ, ನಾನು ಬಾಲನೂ ಮರದಲ್ಲೇ ಕೆತ್ತಿದೆ, ಎರಡು ಸಲ ಮುರೀತು. ಫೆವಿಕಾಲ್ ಹಾಕಿದ್ರೂ ನಿಲ್ತಿಲ್ಲ.
– ಆಟೊ ಚಾಲಕ, ಕಾರವಾರ

ಉತ್ತರ: ಮುರಿಯೋದೇ ಸರಿ, ನಿಮ್ಮ ಕೈಯ ದೋಷ ಅಲ್ಲ. ಬಾಲದ ಕವಲು ಮೇಲಕ್ಕೂ ಕೆಳಕ್ಕೂ ಚಾಚಿರ್ತದೆ, ಎಳೆ ಉದ್ದಕ್ಕೆ ಓಡ್ತದೆ, ಹಾಗಾಗಿ ಕವಲಿನ ತುದಿಯಲ್ಲಿ ಎಳೆ ತುಂಡು ತುಂಡು, ಹಿಡ್ಕೊಳ್ಳಲಿಕ್ಕೆ ಏನೂ ಇರಲ್ಲ. ಹಳೆ ಕೆಲಸಗಾರರು ಅದಕ್ಕೇ ರೆಕ್ಕೆ ತಗಡಿನಲ್ಲಿ, ಬಾಲ ಕೆಲವೊಮ್ಮೆ ಚರ್ಮದಲ್ಲಿ ಮಾಡ್ತಿದ್ರು. ನೀವು ಖಾಲಿ ಎಣ್ಣೆ ಡಬ್ಬದ ತಗಡು ತಗೊಳ್ಳಿ, ಆದ್ರೆ ಕಾರವಾರದ ಉಪ್ಪು ಗಾಳಿಗೆ ಅದು ತುಕ್ಕು ಹಿಡಿಯೋದು ನಿಮಗೆ ಗೊತ್ತೇ ಇದೆ, ಸ್ವಲ್ಪ ದುಡ್ಡಿದ್ರೆ ತೆಳು ತಾಮ್ರ ಇಲ್ಲಾ ಹಿತ್ತಾಳೆ ಹಾಳೆ ವಾಸಿ. ಕತ್ತರಿಸಿದ ಅಂಚು ಬ್ಲೇಡಿನಂತಿರ್ತದೆ, ಕಡ್ಡಾಯ ಅರ ಹಾಕಿ ಮೊಂಡು ಮಾಡಿ. ಮರದಲ್ಲಿ ಸಣ್ಣ ಗರಗಸದಿಂದ ಸೀಳು ಮಾಡಿ, ತಗಡನ್ನ ಎಂ-ಸೀಲ್ ಹಾಕಿ ಕೂರಿಸಿ, ಒಣಗಿದ ಮೇಲೆ ಆ ಜಾಗ ಉಜ್ಜಿ ನಯ ಮಾಡಿ. ಬಂಗಡೆಗೆ ಬೆನ್ನ ಮೇಲೆ ಎರಡು ಬೇರೆ ಬೇರೆ ರೆಕ್ಕೆ, ಎರಡನೇದರ ಹಿಂದೆ ಬಾಲದ ತನಕ ಐದು ಪುಟಾಣಿ ರೆಕ್ಕೆ, ಕೆಳಗೂ ಅದೇ ಐದು. ಅಷ್ಟು ಚಿಕ್ಕದಕ್ಕೆ ತಗಡು ಬೇಡ, ಎಂ-ಸೀಲಲ್ಲೇ ಚಿವುಟಿ ಇಡಿ. ಈ ಹತ್ತು ಚೂರು ಬಿಟ್ಟು ಕೆತ್ತಿದ್ರೆ ಮೀನು ಮಾರೋ ಅಕ್ಕಂದಿರು ನೋಡಿದ ಕೂಡ್ಲೇ ಏನೋ ಕಮ್ಮಿ ಆಯ್ತಲ್ಲ ಅಂತಾರೆ.

ಪ್ರಶ್ನೆ: ಹೊಟ್ಟೆಗೆ ಸೀಸ ಹಾಕೋದು ಹೇಗೆ? ಬಲೆಯ ಹಳೆ ಸೀಸದ ಗುಂಡು ಮನೆಯಲ್ಲಿದೆ, ಗ್ಯಾಸ್ ಮೇಲೆ ಕರಗಿಸಬಹುದಾ?
– ಓದುಗರು, ಹೊನ್ನಾವರ

ಉತ್ತರ: ಬೇಡ. ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಸೀಸದ ಹೊಗೆ, ಪುಡಿ ಎರಡೂ ವಿಷ, ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡ್ತದೆ. ಇನ್ನೊಂದು, ಕರಗಿದ ಸೀಸವನ್ನ ಸ್ವಲ್ಪ ತೇವ ಇರೋ ಮರದ ಗುಳಿಗೆ ಹೊಯ್ದ್ರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಸೀಸ ಮುಖಕ್ಕೆ ಸಿಡೀತದೆ. ಸೀಸ ಬೇಕಾಗೋದು ಮೀನು ನೀರಲ್ಲಿ ಮುಳುಗಬೇಕಿದ್ರೆ ಮಾತ್ರ. ಮೇಜಿನ ಮೇಲೆ ಇಡೋದಕ್ಕೆ ಭಾರ ಬೇಕು ಅನಿಸಿದ್ರೆ ಹೊಟ್ಟೆಯಲ್ಲಿ ತೂತು ಕೊರೆದು ಸ್ಟೀಲ್ ನಟ್ ಒಂದೆರಡು ಹಾಕಿ ಎಂ-ಸೀಲ್ ತುಂಬಿ. ಆ ಸೀಸದ ಗುಂಡುಗಳನ್ನ ಬಲೆ ಕಟ್ಟೋರಿಗೆ ಕೊಟ್ಬಿಡಿ.

ಪ್ರಶ್ನೆ: ನನ್ನ ಮೀನಿನ ಆಕಾರ ಚೆನ್ನಾಗಿ ಬಂದಿದೆ ಅಂತ ಎಲ್ರೂ ಹೇಳ್ತಾರೆ, ಬಣ್ಣ ಹಚ್ಚಿದ ಮೇಲೆ ಮಾತ್ರ ಪ್ಲಾಸ್ಟಿಕ್ ಗೊಂಬೆ ಥರ ಕಾಣ್ತದೆ. ಸಿಲ್ವರ್ ಪೇಂಟ್ ಎಷ್ಟು ಹಚ್ಚಿದ್ರೂ ಮೀನಿನ ಹೊಳಪು ಬರ್ತಾ ಇಲ್ಲ. ಹುರುಪೆ ಒಂದೊಂದೇ ಬಿಡಿಸಿ ಕಣ್ಣು ನೋವು ಬಂತು.
– ಟೈಲರಿಂಗ್ ಮಾಡುವ ಓದುಗರು, ಭಟ್ಕಳ

ಉತ್ತರ: ಪತ್ರದ ಜೊತೆ ಫೋಟೊ ಕಳಿಸಿದ್ದು ಒಳ್ಳೇದಾಯ್ತು ತಂಗಿ. ಆಕಾರ ನಿಜಕ್ಕೂ ಚೆನ್ನಾಗಿದೆ. ಬಣ್ಣದಲ್ಲಿ ಆಗಿರೋದು ಏನಂದ್ರೆ ನೀವು ಸಿಲ್ವರ್‌ನ ಗೋಡೆಗೆ ಬಳಿದಂತೆ ದಪ್ಪ ಬಳಿದಿದ್ದೀರಿ. ಮೀನಿನ ಬೆಳ್ಳಿ ಹೊಳಪು ಬಣ್ಣದ್ದಲ್ಲ, ಚರ್ಮದಲ್ಲಿ, ಹುರುಪೆಯಲ್ಲಿ ಗ್ವಾನಿನ್ ಅನ್ನೋ ವಸ್ತುವಿನ ತೆಳು ತೆಳು ಹರಳು ಪದರ ಪದರವಾಗಿ ಇರ್ತದೆ, ಬೆಳಕು ಆ ಪದರಗಳಿಗೆ ಬಡಿದು ವಾಪಸ್ ಬರ್ತದೆ, ಅದಕ್ಕೇ ಮೀನು ತಿರುಗಿಸಿದಂಗೆ ಹೊಳಪೂ ಜಾಗ ಬದಲಿಸ್ತದೆ. ಹಾಗಾಗಿ ನಾವೂ ಪದರದಲ್ಲೇ ಹೋಗ್ಬೇಕು, ಒಂದು ದಪ್ಪ ಕೋಟ್ ಬದಲು ಐದಾರು ತೆಳು ಕೋಟ್.

ಮೊದಲು ಮರದ ಬಾಯಿ ಮುಚ್ಚಿ, ಅಂದ್ರೆ ಸೀಲರ್ ಇಲ್ಲಾ ತೆಳು ಮಾಡಿದ ಅರಗಿನ ಪಾಲಿಶ್ ಎರಡು ಕೈ. ಮೂತಿ, ಬಾಲದ ಬುಡದಲ್ಲಿ ಎಳೆಯ ತುದಿ ತೆರೆದಿರ್ತದೆ, ಅಲ್ಲಿ ಜಾಸ್ತಿ ಕುಡೀತದೆ, ಇನ್ನೊಂದು ಕೈ ಕೊಡಿ. ಆಮೇಲೆ ಬಿಳಿ ಪ್ರೈಮರ್ ಇಡೀ ಮೈಗೆ, 400 ನಂಬರ್ ಪೇಪರಲ್ಲಿ ಮೆಲ್ಲಗೆ ಉಜ್ಜಿ. ಬಿಳಿ ಒಳಗಿಂದ ಬರಬೇಕು, ಅದಿಲ್ಲದೆ ಮೇಲಿನ ಯಾವ ಬಣ್ಣವೂ ಜೀವ ಹಿಡಿಯಲ್ಲ. ಈಗ ಮಗ್ಗುಲಿಗೆ ಅಕ್ರಿಲಿಕ್ ಸಿಲ್ವರ್‌ನ ನೀರು ಹಾಕಿ ತೆಳು ಮಾಡಿ ಒಂದು ಕೈ, ಒಣಗಿದ ಮೇಲೆ ಪರ್ಲ್ ಪೌಡರ್ ಕಲಸಿದ ವಾರ್ನಿಶ್ ಒಂದು ಕೈ. ಪರ್ಲ್ ಪೌಡರ್ ರೆಸಿನ್ ಆರ್ಟ್ ಮಾಡೋರು ತರಿಸ್ತಾರಲ್ಲ, ಅದೇ. ಹೊಟ್ಟೆ ಬಿಳಿನೇ ಇರಲಿ, ಸಿಲ್ವರ್ ಅಲ್ಲಿ ಕರಗಿ ಹೋಗ್ಬೇಕು, ಗೆರೆ ಕೊಯ್ದಂಗೆ ನಿಲ್ಲಬಾರದು.

ಬೆನ್ನಿಗೆ ನೀಲಿ ಹಸಿರು, ಅದೂ ತೆಳು ತೆಳು. ಸಮುದ್ರದ ಮೀನಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ ಯಾಕೆ ಅಂತ ಗೊತ್ತಿದ್ರೆ ಬ್ರಷ್ ತಾನೇ ಸರಿಯಾಗಿ ಓಡ್ತದೆ. ಮೇಲಿಂದ ಹಕ್ಕಿ ನೋಡಿದ್ರೆ ಕೆಳಗಿನ ಗಾಢ ನೀರಿನಲ್ಲಿ ಬೆನ್ನು ಸೇರಿಹೋಗ್ಬೇಕು, ಕೆಳಗಿಂದ ದೊಡ್ಡ ಮೀನು ನೋಡಿದ್ರೆ ಮೇಲಿನ ಬೆಳಕಲ್ಲಿ ಹೊಟ್ಟೆ ಕಾಣೆಯಾಗ್ಬೇಕು. ಎರಡೂ ಬಣ್ಣ ಸೇರೋ ಜಾಗ ಅದಕ್ಕೇ ಅಷ್ಟು ಮೆತ್ತಗಿರೋದು. ಒಣ ಬ್ರಷ್ ಇಲ್ಲಾ ಸ್ಪಂಜಿನ ತುಂಡಲ್ಲಿ ತಟ್ಟುತ್ತಾ ಸೇರಿಸಿ. ಬೆನ್ನ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿಗಳು, ಇಸ್ವಾಣಕ್ಕಾದ್ರೆ ಪಟ್ಟಿ ಮೇಲಿಂದ ಕೆಳಗೆ ಅಡ್ಡ ಬರ್ತದೆ, ಇದನ್ನ ಅದಲು ಬದಲು ಮಾಡಿದ ಮೀನು ಗಿಫ್ಟ್ ಅಂಗಡಿಯಲ್ಲಿ ನೋಡಿ ನನಗೆ ತುಂಬಾ ಬೇಜಾರಾಗಿದೆ. ಬಂಗಡೆಯ ಪಟ್ಟಿ ಸ್ಕೇಲ್ ಇಟ್ಟು ಎಳೀಬೇಡಿ, ಅಲ್ಲಲ್ಲಿ ತುಂಡಾಗಿ ಚುಕ್ಕೆಯಾಗಿ ಹೋಗ್ತದೆ. ಎದೆಯ ರೆಕ್ಕೆಯ ಕೆಳ ಅಂಚಿನ ಹತ್ರ ಒಂದು ಕಪ್ಪು ಚುಕ್ಕೆ ಇರ್ತದೆ, ಮರೀಬೇಡಿ. ಪಟ್ಟಿಯ ಕೆಳಗೆ ಸ್ವಲ್ಪ ಬಂಗಾರದ ಛಾಯೆ, ಇದು ಹೊಸಾ ಮೀನಿನಲ್ಲಿ ಮಾತ್ರ ಕಾಣೋದು. ಐಸಲ್ಲಿ ಎರಡು ದಿನ ಮಲಗಿದ ಬಂಗಡೆ ನೋಡಿ ಬಣ್ಣ ಹಚ್ಚಿದ್ರೆ ಬೂದಿ ಬೂದಿಯಾಗೇ ಬರ್ತದೆ. ಆದ್ದರಿಂದಲೇ ಎರಡನೇ ಬಂಗಡೆ: ಬೋಟು ಬಂದ ಹೊತ್ತಿಗೆ ದಕ್ಕೆಗೆ ಹೋಗಿ ತಗೊಳ್ಳಿ, ಅಲ್ಲೇ ನೆರಳಲ್ಲಿ, ಹಗಲು ಬೆಳಕಲ್ಲಿ, ಫ್ಲಾಶ್ ಹಾಕದೆ ಫೋಟೊ ತೆಗೀರಿ, ಎರಡೂ ಮಗ್ಗುಲು, ಬೆನ್ನು, ತಲೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಬಂದ್ ಇರ್ತದೆ, ಹಾಗಾಗಿ ಫೋಟೊ ಕೆಲಸ ಮೇ ಒಳಗೇ ಮುಗಿಸಿದ್ರೆ ಮಳೆಗಾಲ ಪೂರ್ತಿ ಕೂತು ಕೆತ್ತಬಹುದು.

ಹುರುಪೆ ವಿಷಯ. ಬಂಗಡೆಯ ಹುರುಪೆ ಎಷ್ಟು ಸಣ್ಣ ಅಂದ್ರೆ ಮಾರು ದೂರದಿಂದ ಕಾಣೋದೇ ಇಲ್ಲ, ಬಿಡಿಸೋದೇ ಬೇಡ. ದೊಡ್ಡ ಹುರುಪೆಯ ಕಾಟ್ಲಾ, ರೋಹು ಮಾಡೋದಾದ್ರೆ ಮಾತ್ರ ಒಂದು ಉಪಾಯ, ನಿಮ್ಮ ಹತ್ರ ಟೈಲರಿಂಗ್ ನೆಟ್ ಬಟ್ಟೆ ಇರ್ತದಲ್ಲ, ಅದನ್ನ ಒಣಗಿದ ಮೀನಿನ ಮೈಗೆ ಬಿಗಿಯಾಗಿ ಸುತ್ತಿ ಹೊಟ್ಟೆ ಕೆಳಗೆ ಬಟ್ಟೆ ಕ್ಲಿಪ್ ಹಾಕಿ, ಮೇಲಿಂದ ಗಾಢ ಬಣ್ಣ ಸ್ಪಂಜಲ್ಲಿ ತಟ್ಟಿ ಇಲ್ಲಾ ಸ್ಪ್ರೇ ಮಾಡಿ. ಪೂರ್ತಿ ಒಣಗಿದ ಮೇಲೆ ನೆಟ್ ತೆಗೆದ್ರೆ ಸಾಲು ಸಾಲು ಹುರುಪೆ ಬಿದ್ದಿರ್ತದೆ. ಸುತ್ತುವಾಗ ಸುಕ್ಕು ಬರಬಾರದು, ತಲೆ ಭಾಗಕ್ಕೆ ಟೇಪ್ ಹಚ್ಚಿ ಮುಚ್ಚಿರಬೇಕು.

ಕೊನೆಯ ಕೋಟ್ ಬಗ್ಗೆ ಎಚ್ಚರ. ಆಯಿಲ್ ಎನಾಮಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದ್ರೆ ಅದರ ಥಿನ್ನರ್ ಕೆಳಗಿನ ಬಣ್ಣವನ್ನ ಎಬ್ಬಿಸಿ ಸುಕ್ಕು ಮಾಡ್ತದೆ. ಅಕ್ರಿಲಿಕ್ ಹಚ್ಚಿದ್ರೆ ನೀರಲ್ಲಿ ಕಲಸೋ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್ ಸೇಫ್. ಪೂರ್ತಿ ಗ್ಲಾಸಿ ಬೇಡ, ಸೆಮಿ ಗ್ಲಾಸ್ ಸಾಕು, ಪ್ಲಾಸ್ಟಿಕ್ ಥರ ಕಾಣೋದು ಅರ್ಧ ಅಲ್ಲೇ ಹೋಗ್ತದೆ. ಕಿಟಕಿ ತೆಗೆದಿಟ್ಟು, ಮಾಸ್ಕ್ ಹಾಕ್ಕೊಂಡೇ ಸ್ಪ್ರೇ ಮಾಡಿ.

ಪ್ರಶ್ನೆ: ಕಣ್ಣಿಗೆ ಏನು ಹಾಕೋದು?
– 8ನೇ ಕ್ಲಾಸ್ ವಿದ್ಯಾರ್ಥಿನಿ, ಗೋಕರ್ಣ

ಉತ್ತರ: ಹಿತ್ತಾಳೆ ತಲೆಯ ಗುಂಡುಪಿನ್ನು ಚೆನ್ನಾಗಿ ಒಪ್ತದೆ ಮಗಾ, ಹಳೆ ಡಿಕಾಯ್‌ಗಳಲ್ಲೂ ಮೊಳೆ ತಲೆನೇ ಕಣ್ಣು. ನಡುವೆ ಕಪ್ಪು ಚುಕ್ಕೆ ಇಟ್ಟು ಮೇಲೆ ಒಂದು ಹನಿ ಪಾರದರ್ಶಕ ನೇಲ್ ಪಾಲಿಶ್ ಬಿಡು. ಎರಡೂ ಕಣ್ಣು ಒಂದೇ ಎತ್ತರದಲ್ಲಿದ್ಯಾ ಅಂತ ಮೀನಿನ ಮುಂದಿಂದ ನೋಡು, ಮಗ್ಗುಲಿಂದ ನೋಡಿದ್ರೆ ಗೊತ್ತಾಗಲ್ಲ. ಉಳಿ ಹಿಡಿಯೋದು ದೊಡ್ಡೋರು ಪಕ್ಕದಲ್ಲಿದ್ದಾಗ ಮಾತ್ರ, ಮೊದಲು ಬಟ್ಟೆ ಸೋಪಿನ ಬಾರಲ್ಲಿ ಒಂದು ಮೀನು ಕೆತ್ತಿ ಕೈ ಪಳಗಿಸು.

ಪ್ರಶ್ನೆ: ನಮ್ಮದು ದೇವಬಾಗ ಕಡೆ ಚಿಕ್ಕ ಹೋಮ್‌ಸ್ಟೇ. ಹಾಲ್‌ನಲ್ಲಿ ಮರದ ಮೀನು ಹಾಕ್ಬೇಕು ಅಂತಿದ್ದೇವೆ. ದೊಡ್ಡದು ಒಂದು ಚೆಂದವೋ, ಸಣ್ಣದು ಸುಮಾರು ಹಾಕೋದೋ? ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲದಕ್ಕೂ ಬೂಸು.
– ಹೋಮ್‌ಸ್ಟೇ ನಡೆಸುವವರು, ಕಾರವಾರ

ಉತ್ತರ: ಸಣ್ಣದು ಸುಮಾರು. ತಾರ್ಲೆ, ಬಂಗಡೆ ಯಾವತ್ತೂ ಒಂಟಿ ಇರಲ್ಲ, ಹಿಂಡಾಗಿ ಹೋಗೋ ಮೀನು, ಹತ್ತು ಹನ್ನೆರಡನ್ನ ಒಂದೇ ದಿಕ್ಕಿಗೆ ಮುಖ ಮಾಡಿ, ಎತ್ತರ ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ತಂಗೂಸಿನಲ್ಲಿ (ಗಾಳದ ನೈಲಾನ್ ದಾರ) ತೂಗುಬಿಡಿ. ಫ್ಯಾನ್ ಗಾಳಿಗೆ ಎಲ್ಲ ಒಟ್ಟಿಗೆ ತಿರುಗೋದು ನೋಡಲಿಕ್ಕೇ ಖುಷಿ. ಮೀನಿನ ಬೆನ್ನಿಗೆ ಬಳೆ ಇರೋ ಸಣ್ಣ ಹಿತ್ತಾಳೆ ಸ್ಕ್ರೂ ಹಾಕ್ಬೇಕು, ಎಲ್ಲಿ ಅಂದ್ರೆ ಮೀನನ್ನ ಬೆರಳ ಮೇಲೆ ಇಟ್ಟು ಸಮ ನಿಲ್ಲೋ ಜಾಗ ಹುಡುಕಿ ಅಲ್ಲಿ. ಕಬ್ಬಿಣದ ಸ್ಕ್ರೂ ಹಾಕಿದ್ರೆ ಒಂದು ಮಳೆಗಾಲಕ್ಕೆ ತುಕ್ಕಿನ ನೀರು ಬಣ್ಣದ ಮೇಲೆ ಇಳೀತದೆ. ಮೇಜಿಗೆ ಇಡೋದಾದ್ರೆ ದಂಡೆಗೆ ತೇಲಿ ಬಂದ ಕಟ್ಟಿಗೆ ಸ್ಟ್ಯಾಂಡ್ ಮಾಡಿ, ಸಿಹಿ ನೀರಲ್ಲಿ ಕೆಲವು ದಿನ ನೆನೆಸಿ ಒಣಗಿಸಿದ ಮೇಲೆ. ಒಳಗೆ ಉಪ್ಪು ಉಳಿದ್ರೆ ಗಾಳಿಯ ತೇವ ಎಳ್ಕೊಂಡು ಸದಾ ಒದ್ದೆ ಒದ್ದೆ ಇರ್ತದೆ.

ಬೂಸಿಗೆ ಮದ್ದು ಮರದ ಒಳಗೆ ತೇವ ಹೋಗದಂತೆ ನೋಡೋದೇ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳೋ ಊರು ನಮ್ಮದು, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಮರ ಆ ತೇವಕ್ಕೆ ಅಡ್ಡಡ್ಡ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಬದಲಾಗಲ್ಲ, ಬಣ್ಣ ಬಿರುಕು ಬಿಡೋದು ಇದರಿಂದಲೇ. ಕಾಣದ ಜಾಗ ಅಂತ ಹೊಟ್ಟೆ ಕೆಳಗೆ, ಸ್ಕ್ರೂ ತೂತಿನ ಒಳಗೆ ಸೀಲರ್ ಹಾಕದೆ ಬಿಡ್ತಾರೆ, ನೀರು ಅಲ್ಲಿಂದಲೇ ಹೋಗೋದು. ಗೋಡೆಗೆ ಹಾಕೋ ಫಲಕಕ್ಕೆ ಹಿಂದೆ ಸಣ್ಣ ಬಿರಡೆ ಇಟ್ಟು ಗೋಡೆಯಿಂದ ಸ್ವಲ್ಪ ಎತ್ತಿ ಹಾಕಿ, ಗಾಳಿ ಆಡ್ಬೇಕು.

ಪ್ರಶ್ನೆ: ನಮ್ಮದು ಗುಡಿಗಾರ ಮನೆತನ. ಅಜ್ಜ ಗಂಧದ ಪೆಟ್ಟಿಗೆ, ದೇವರ ಮೂರ್ತಿ ಕೆತ್ತುತ್ತಿದ್ರು. ನಾನು ಈ ಮೀನು ಕೆತ್ತಿದ್ದು ನೋಡಿ ಚಿಕ್ಕಪ್ಪ, ಪರದೇಶದ ಆಟದ ಸಾಮಾನು ಮಾಡ್ತಾ ಕೂತಿದ್ದೀಯಾ ಅಂತ ಬೈದ್ರು. ನೀವೇನಂತೀರಿ?
– ಓದುಗ, ಸಿದ್ದಾಪುರ

ಉತ್ತರ: ಚಿಕ್ಕಪ್ಪನವರ ಸಂಕಟ ನನಗೆ ಅರ್ಥ ಆಗ್ತದೆ ತಮ್ಮಾ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಆ ಕಡೆ ಸಾಗರ, ಸೊರಬದ ಗುಡಿಗಾರರ ಕೈಕೆಲಸ ಸಾಮಾನ್ಯದ್ದಲ್ಲ, ಬೆರಳಷ್ಟು ಗಂಧದ ಮೇಲೆ ಕಾಡು, ಆನೆ, ಬಳ್ಳಿ ಎಲ್ಲ ತರೋ ಕೈ ಅದು, ಬೆಂಡಿನಲ್ಲಿ ಬಾಸಿಂಗ ಮಾಡೋದೂ ಅದೇ ಕೈ. ಆ ಕೆಲಸ ಕಮ್ಮಿ ಆಗ್ತಾ ಇರೋದು ಎದೆ ಚುಚ್ಚೋ ವಿಷಯ. ಗಂಧ ಸಿಗೋದು ಕಷ್ಟ, ದುಬಾರಿ, ಕಲಿಯೋ ಹುಡುಗನ ಕೈಗೆ ಯಾರೂ ಕೊಡಲ್ಲ. ಅದಕ್ಕೇ ನಾನು ಹೇಳೋದು, ಶಿವನಿ ತುಂಡಲ್ಲಿ ಮೀನು ಕೆತ್ತಿದ್ರೆ ಅಜ್ಜನ ಉಳಿಗೆ ಕೆಲಸ ಸಿಕ್ತು, ಕೈ ಬಳಕೆ ತಪ್ಪಲಿಲ್ಲ. ಮತ್ತೆ ಮೀನು ನಮಗೆ ಹೊರಗಿನದ್ದೂ ಅಲ್ಲ, ನಿಮ್ಮ ಮನೆಯಲ್ಲೇ ದಶಾವತಾರದ ಫಲಕ ಕೆತ್ತಿದ್ರೆ ಮೊದಲ ಅವತಾರವೇ ಮತ್ಸ್ಯ. ಶಿರಸಿ ಮಾರಿಕಾಂಬೆಯೇ ಮರದಲ್ಲಿ ಬಣ್ಣ ಹೊತ್ತು ನಿಂತಿದ್ದಾಳೆ, ಮರಕ್ಕೆ ಬಣ್ಣ ಹಚ್ಚಿ ಜೀವ ತುಂಬೋದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಮಾಡು. ಬಾಲದ ಬುಡದಲ್ಲಿ, ಕಿವಿರಿನ ಅಂಚಿನಲ್ಲಿ ನಿಮ್ಮ ಮನೆಯ ಬಳ್ಳಿ ಕೆತ್ತನೆ ತೆಳುವಾಗಿ ಹಾಕು, ಇಡೀ ಮೈಗೆ ಬೇಡ. ಹಾಗೆ ಕೆತ್ತಿದ ಮೀನು ಮಿಷಿಗನ್ನಿನಲ್ಲಿ ಹುಟ್ಟೋಕೆ ಸಾಧ್ಯ ಇಲ್ಲ. ಅದನ್ನ ಚಿಕ್ಕಪ್ಪನ ಕೈಗೇ ಕೊಟ್ಟು ಎಲ್ಲಿ ತಪ್ಪಿದೆ ಹೇಳಿ ಅಂತ ಕೇಳು, ಉಳಿ ಹಿಡಿದವರು ತಪ್ಪು ತೋರಿಸದೆ ಸುಮ್ನಿರಲ್ಲ, ಪಾಠ ಅಲ್ಲಿಂದಲೇ ಶುರು ಆಗ್ತದೆ.

ಪ್ರಶ್ನೆ: ಎಷ್ಟಕ್ಕೆ ಮಾರಬಹುದು? ಸರ್ಕಾರದ ಸಹಾಯ ಏನಾದ್ರೂ ಇದೆಯಾ? ಒಬ್ಬರು ಇದಕ್ಕೆ ಟೀ ಡಿಕಾಕ್ಷನ್ ಹಚ್ಚಿ ಹಳೇದು ಮಾಡಿ ಆಂಟಿಕ್ ಅಂತ ಮಾರು ಅಂದ್ರು.
– ಬಡಿಗ ಕೆಲಸ ಮಾಡುವ ಓದುಗರು, ಯಲ್ಲಾಪುರ

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ಹಳೆಯ ನೋಟ ಬೇಕು ಅಂತ ಮಾಡೋದು ತಪ್ಪಲ್ಲ, ಹೊಸದನ್ನ ಹಳೇದು ಅಂತ ಹೇಳಿ ಮಾರೋದು ಮೋಸ. ಅಮೆರಿಕದಲ್ಲಿ ಹೆಸರಾಂತ ಕೆಲಸಗಾರರ ಮೀನಿನ ನಕಲು ಬಂದು ಸಂಗ್ರಹ ಮಾಡೋರು ಪ್ರತಿಯೊಂದನ್ನೂ ಅನುಮಾನದಲ್ಲಿ ನೋಡೋ ಹಾಗಾಗಿದೆ. ನೀವು ಪ್ರತಿ ಮೀನಿನ ಹೊಟ್ಟೆ ಕೆಳಗೆ ನಿಮ್ಮ ಹೆಸರು, ಊರು, ಇಸವಿ, ಯಾವ ಮರ ಅಂತ ಸುಟ್ಟು ಬರೀರಿ.

ರೇಟು ಹೇಗೆ ಅಂದ್ರೆ, ನೀವು ಬಡಿಗ ಕೆಲಸಕ್ಕೆ ಹೋದ್ರೆ ದಿನಕ್ಕೆ ಏನು ಕೂಲಿ ತಗೊಳ್ತೀರೋ ಅದನ್ನ ಗಂಟೆಗೆ ಲೆಕ್ಕ ಹಾಕಿ, ಮೀನಿಗೆ ಹಿಡಿದ ಗಂಟೆ, ಮರ, ಬಣ್ಣ, ಹಾಳಾದ ತುಂಡಿನ ಖರ್ಚು ಸೇರಿಸಿ. ಬಣ್ಣ ಒಣಗಲಿಕ್ಕೆ ಕಾಯೋ ಹೊತ್ತು ಲೆಕ್ಕಕ್ಕಿಲ್ಲ, ಆಗ ಇನ್ನೊಂದು ಕೆತ್ತಿ. ಅಂಗಡಿಗೆ ಕೊಟ್ರೆ ಅವರ ಪಾಲು ಬೇರೆ ಇರ್ತದೆ, ಮೊದಲೇ ಮಾತಾಡ್ಕೊಳ್ಳಿ. ಗೋಕರ್ಣ, ಮುರ್ಡೇಶ್ವರಕ್ಕೆ ಬರೋರು ಬ್ಯಾಗಿಗೆ ಹಿಡಿಯೋದನ್ನ ತಗೊಳ್ತಾರೆ, ಗೇಣುದ್ದಕ್ಕಿಂತ ದೊಡ್ಡದು ಆರ್ಡರ್ ಬಂದ್ರೆ ಮಾತ್ರ ಮಾಡಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದಕ್ಕೆ ತಯಾರಿ ಮುಂಚೆನೇ ಬೇಕು.

ಸಹಾಯ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬು ಇವೆ, ಬಡಿಗ ಕೆಲಸ, ಗೊಂಬೆ ಆಟಿಕೆ ಮಾಡೋದು, ಮೀನಿನ ಬಲೆ ಹೆಣಿಯೋದೂ ಅದರಲ್ಲಿ ಸೇರಿವೆ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ತನಕ, ಆಮೇಲೆ 5 ಪರ್ಸೆಂಟ್ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷದ ತನಕ ಸಾಲ. 18 ವರ್ಷ ಆಗಿರಬೇಕು, ಮನೆಗೆ ಒಬ್ಬರಿಗೆ ಮಾತ್ರ. ಅರ್ಜಿ ಕಾಮನ್ ಸರ್ವಿಸ್ ಸೆಂಟರಲ್ಲಿ ಹಾಕ್ತಾರೆ, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ತಗೊಂಡು ಹೋಗಿ. ಕರಕುಶಲ ಕೆಲಸಗಾರರಿಗೆ ಕೇಂದ್ರದ ಪೆಹಚಾನ್ ಗುರುತಿನ ಚೀಟಿನೂ ಸಿಗ್ತದೆ, ಮೇಳಗಳಲ್ಲಿ ಸ್ಟಾಲ್ ಕೇಳುವಾಗ ಅದು ಕೆಲಸಕ್ಕೆ ಬರ್ತದೆ.

ಪ್ರಶ್ನೆ: ಹೋದ ವರ್ಷ ಮಾಡಿದ ಮಾವಿನ ಮರದ ಮೀನಿನ ಕೆಳಗೆ ಹಿಟ್ಟಿನಂಥ ಪುಡಿ ಬೀಳ್ತಿದೆ. ಎಸೀಬೇಕಾ?
– ಓದುಗರು, ಕುಮಟಾ

ಉತ್ತರ: ಎಸೀಬೇಡಿ, ಮೊದಲು ಬೇರೆ ಮರದ ಸಾಮಾನಿನಿಂದ ದೂರ ಇಡಿ. ಒಳಗೆ ಹುಳ ಕೊರೀತಿದೆ, ಮಾವು, ರಬ್ಬರ್ ಥರದ ಬಿಳಿ ಮರದಲ್ಲಿ ಪಿಷ್ಟ ಜಾಸ್ತಿ ಇರೋದ್ರಿಂದ ಅದಕ್ಕೆ ಇಷ್ಟ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಡೀಪ್ ಫ್ರೀಜರಲ್ಲಿ ಎರಡು ವಾರ ಇಡಿ, ಐಸ್ ಕ್ರೀಂ ಅಂಗಡಿಯವರು ಗೊತ್ತಿದ್ರೆ ಕೇಳಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲಾಂದ್ರೆ ಹೊರಗಿನ ತೇವ ಮೀನಿನ ಮೇಲೆ ನೀರಾಗಿ ಕೂರ್ತದೆ. ಆಮೇಲೆ ತೂತುಗಳಿಗೆ ಮೇಣ ತುಂಬಿ ಬಣ್ಣ ಮುಟ್ಟಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಇಡಿ. ತಿಂಗಳು ಕಳೆದ್ರೂ ಕಾಗದದ ಮೇಲೆ ಪುಡಿ ಬೀಳಲಿಲ್ಲ ಅಂದ್ರೆ ವಾಪಸ್ ಶೋಕೇಸಿಗೆ ಇಡಬಹುದು. ಮುಂದಿನ ಸಲ ಬಿಳಿ ಮರ ತಗೊಂಡ್ರೆ ಕೆತ್ತೋ ಮೊದಲೇ ಬೋರಾಕ್ಸ್, ಬೋರಿಕ್ ಆಸಿಡ್ ಬಿಸಿ ನೀರಲ್ಲಿ ಕರಗಿಸಿ ಅದರಲ್ಲಿ ನೆನೆಸಿ, ಪೂರ್ತಿ ಒಣಗಿಸಿಕೊಳ್ಳಿ. ಆ ನೀರು ಮಕ್ಕಳ, ದನಗಳ ಕೈಗೆ ಬಾಯಿಗೆ ಸಿಗಬಾರದು.